ಕೊನೆಯ ಹಲ್ಲಿನ ಕಷಾಯ

"ಇದೇ ಕೊನೇದು ಟೇಲರ್ ತಾತ, ಇನ್ನು ಹೆದರ್ಕೊಳ್ಳೋಕೆ ಒಂದು ಹಲ್ಲೂ ಉಳಿದಿಲ್ಲ," ಎಂದು ಡಾಕ್ಟರು ಕಿತ್ತ ಹಲ್ಲನ್ನು ಟ್ರೇಗೆ ಹಾಕಿದರು. ತಾತನ ಮುಖ ಮರಗಟ್ಟಿತ್ತು. ನೋವಿರಲಿಲ್ಲ, ಸಮಾಧಾನವೂ ಇರಲಿಲ್ಲ.

ಹೊರಗಿನ ಬೆಂಚಿನಲ್ಲಿ ಹೆಂಡತಿ ಫ್ಲಾಸ್ಕ್ ಹಿಡಿದು ಕೂತಿದ್ದಳು. ಮನೆಯಲ್ಲಿ ಇಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಹಲ್ಲು ಕೀಳಿಸುವ ದಿನ ಮಾತ್ರ ಅವನ ಹೆದರಿಕೆ ಅಡಗಲೆಂದು ಒಂದೆಲಗದ ಕಷಾಯ ಕಾಸಿ ತಂದು, ಲೋಟವನ್ನು ತಾನೇ ಅವನ ತುಟಿಗೆ ಹಿಡಿಯುತ್ತಿದ್ದಳು.

"ಇನ್ನು ಇದನ್ನ ಅಟ್ಟಕ್ಕೆ ಹಾಕಬಹುದು," ಎಂದು ಫ್ಲಾಸ್ಕಿಗೇ ಹೇಳುವಂತೆ ಹೇಳಿದಳು.

"ಮುಂದಿನ ತಿಂಗಳು ಹಲ್ಲು ಸೆಟ್ಟಿಗೆ ಅಳತೆ ತಗೋತಾರಂತೆ," ಅವನು ತೊದಲಿದ. "ಅಳತೆ ಅಂದ್ರೆ ನಂಗೆ ಭಯ ಕಣೇ."

ಜೀವಮಾನವಿಡೀ ಊರವರ ಅಳತೆ ತೆಗೆದ ಗಂಡನನ್ನು ಅವಳು ದಿಟ್ಟಿಸಿ ನೋಡಿದಳು.

"ಹಾಗಾದ್ರೆ ಅಟ್ಟಕ್ಕೆ ಹಾಕಲ್ಲ ಬಿಡಿ."