ಮಧ್ಯಾಹ್ನ ಬರುವವನು

"ಜ್ವರ ಬಿಡ್ತಿಲ್ಲ ಅಂತ ಕರ್ಕೊಂಡು ಬಂದ್ರೆ ಇವಳಿಗ್ಯಾಕೆ ಮೇಡಂ ಎಚ್‌ಐವಿ ಟೆಸ್ಟು? ತಲೆ ಸರಿಯಿಲ್ಲ ಅಂತ ಮದುವೇನೇ ಮಾಡ್ಲಿಲ್ಲ. ಹೊಸಿಲು ದಾಟಿದವಳಲ್ಲ. ಮನೇಲಿ ನಾನು, ನಮ್ಮೆಜಮಾನ್ರು, ಇವಳು, ಮೂರೇ ಜನ," ಎಂದು ಅಕ್ಕ ಸಿಡುಕಿದ್ದಳು.

ಆಸ್ಪತ್ರೆಯ ಆಪ್ತಸಮಾಲೋಚಕಿ ಮಾತ್ರ ಅಕ್ಕನನ್ನು ಬಿಟ್ಟು ತಂಗಿಯನ್ನೇ ಕೇಳಿದ್ದರು, "ಮಾಡೋಣ್ವಾ ಅಮ್ಮಾ?" ಯಾರಾದರೂ ತನ್ನನ್ನು ಏನಾದರೂ ಕೇಳಿ ಅದೆಷ್ಟು ಕಾಲವಾಗಿತ್ತೋ. ಅವಳು ತಾನಾಗಿ ಕೈ ಚಾಚಿದ್ದಳು.

ನೀನು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಒಬ್ಬ ಬರ್ತಾನೆ ಎಂದು ಅಕ್ಕನಿಗೆ ಹಿಂದೆ ಹೇಳಿ ನೋಡಿದ್ದಳು. ಅದೂ ಕಾಯಿಲೆಯೇ ಎಂದರು. ಹೇಳಿದಾಗಲೆಲ್ಲ ಮಾತ್ರೆ ಹೆಚ್ಚಾಯಿತು. ಕೊನೆಗೆ ಗೋಡೆಗೆ ಬಿಟ್ಟು ಬೇರೆ ಯಾರಿಗೂ ಹೇಳುತ್ತಿರಲಿಲ್ಲ.

ಇವತ್ತು ಸಮಾಲೋಚಕಿ ಅಕ್ಕನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು.

"ಸೋಂಕು ಇದೆ ಅಮ್ಮಾ. ಹೆದರ್ಬೇಡಿ, ಔಷಧಿ ಇದೆ. ನೀವು ಏನೇ ಹೇಳಿದ್ರೂ ಈ ಕೋಣೆ ದಾಟಲ್ಲ."

"ಹಾಗಾದ್ರೆ ಮಧ್ಯಾಹ್ನ ಅವನು ಬರೋದು ನಿಜ, ಅಲ್ವಾ?"

ಸಮಾಲೋಚಕಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ನಿಜ ಅಮ್ಮಾ. ನಾನು ನಂಬ್ತೀನಿ. ಯಾರು ಅವನು?"

ಅವಳು ಹೇಳಲಾರೆ ಎಂಬಂತೆ ತಲೆಯಾಡಿಸಿದಳು.

"ಹೋಗ್ಲಿ, ಹೆಸರು ಈಗ ಬೇಡ. ಆದ್ರೆ ಅವನಿಂದ ಇನ್ಯಾರಿಗಾದ್ರೂ ಅಂಟಿರಬಹುದು. ಅಂಥವರು ಯಾರಾದ್ರೂ ಇದ್ರೆ ಹೇಳಿ, ಅವರಿಗೂ ಟೆಸ್ಟ್ ಮಾಡ್ಬೇಕು."

ಅವಳು ಮುಚ್ಚಿದ ಬಾಗಿಲನ್ನೇ ಬಹಳ ಹೊತ್ತು ನೋಡಿದಳು.

"ಅಕ್ಕನ್ನ ಒಳಗೆ ಕರೀರಿ, ಮೇಡಂ."