ಖಾಲಿಯಾಗುತ್ತಿದ್ದ ಲೋಕಲ್

ಗುರುವಾರ ಬೆಳಿಗ್ಗೆ ಲೋಕಲ್‌ನಿಂದ ಮತ್ತೆ ಹದಿನೈದು ಪ್ರಯಾಣಿಕರು ಕಾಣೆಯಾಗಿದ್ದರು.

ಅದು ವಡಾಲದ ಒಂದು ಬಿಲ್ಡಿಂಗಿನ ಹಿಂದಿನ ಅಂಗಳದಲ್ಲಿ ನಿಂತ ಲೋಕಲ್ ರೈಲು. ಹಳೆಯ ಕಬ್ಬಿಣದ ಕಪಾಟುಗಳನ್ನು ಕತ್ತರಿಸಿ ಮಾಡಿದ ಮೂರು ಡಬ್ಬಿ, ಕಿಟಕಿ ಕಿಟಕಿಗೂ ಚೆಂಡುಹೂವಿನ ಕುಂಡ. ಹೂಗಳೇ ಪ್ರಯಾಣಿಕರು. ಬಾಗಿಲಲ್ಲಿ ಜೋತುಬಿದ್ದವರೂ ಇದ್ದರು. ಉದ್ಯಾನ ಸ್ಪರ್ಧೆಗೆಂದು ಇದನ್ನು ರೂಪಿಸಿದವಳು ಎರಡನೆಯ ಮಹಡಿಯ ಭುವನೇಶ್ವರಿ. ತೀರ್ಪುಗಾರರು ಬರುವುದು ಭಾನುವಾರ. ಮುಂಬಯಿಯಲ್ಲಿ ಖಾಲಿ ಲೋಕಲ್ ತೋರಿಸಿದರೆ ಬಹುಮಾನ ಯಾರು ಕೊಡುತ್ತಾರೆ?

"ಶರಣು, ಗೇಟಿನಾಗ ಕುಂತು ನಿದ್ದಿ ಹೊಡೀತಿ ಏನು?" ಭುವನೇಶ್ವರಿ ವಾಚ್‌ಮನ್‌ನನ್ನು ಗದರಿದಳು.

"ಇಲ್ರೀ ಅಕ್ಕಾರ. ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯ್ಲಕತ್ತೀನ್ರಿ."

"ಶನಿವಾರದೊಳಗ ಕಳ್ಳ ಸಿಗಬೇಕು. ಇಲ್ಲಾಂದ್ರ ಬ್ಯಾರೆ ವಾಚ್‌ಮನ್‌ನ ತರಸ್ತೀನಿ."

ಶರಣು ತನ್ನ ಕೋಣೆಯತ್ತ ನೋಡಿದ. ಕಲಬುರಗಿಯಿಂದ ಹೆಂಡತಿಯನ್ನು ಕರೆತಂದು ಇನ್ನೂ ತಿಂಗಳಾಗಿರಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಅವಳು ಈಗಷ್ಟೇ ಸಂಸಾರ ಹೂಡಿದ್ದಳು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ.

ಅವನ ಅನುಮಾನವೆಲ್ಲ ಎದುರು ಬಿಲ್ಡಿಂಗಿನ ಜ್ಯೋತ್ಸ್ನಾ ಮೇಲೆ. ಅವಳೂ ಸ್ಪರ್ಧೆಗೆ ತೋಟ ಮಾಡಿದ್ದಳು. ದಿನಾ ಬೆಳಿಗ್ಗೆ ಚೀಲ ಹಿಡಿದು ಇದೇ ಅಂಗಳ ಹಾದು ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದಳು. ಶುಕ್ರವಾರ ಅಡ್ಡಗಟ್ಟಿಯೇಬಿಟ್ಟ.

"ಮೇಡಂ, ಚೀಲದಾಗ ಏನೈತ್ರಿ?"

"ಹಾಲು, ಬಸಳೆ. ನೋಡು ಮಾರಾಯ, ಸರೀ ನೋಡು! ನಿಮ್ಮ ಹೂ ಕದ್ದು ಗೆಲ್ಲುವ ಗತಿ ನಂಗೆ ಬರ್ಲಿಲ್ಲ."

ಚೀಲದಲ್ಲಿ ಹಾಲು, ಬಸಳೆಯೇ ಇದ್ದವು. ಶರಣು ಪೆಚ್ಚಾದ. ಇನ್ನು ಉಳಿದದ್ದು ದೇವರೊಬ್ಬನೇ. ದಿನಾ ಮುಂಜಾನೆ ಮಿಂದು, ಕೋಣೆಯಲ್ಲಿದ್ದ ಶರಣಬಸವೇಶ್ವರರ ಪಟಕ್ಕೆ ಹೂವೇರಿಸಿ ಬೇಡಿಕೊಳ್ಳುತ್ತಿದ್ದ. ಮೇಲಿನ ಮನೆಗಳಿಂದಲೂ ಗಂಟೆ ಕೇಳುತ್ತಿತ್ತು. ತೋಟ ಗೆಲ್ಲಲೆಂದು ಇಡೀ ಬಿಲ್ಡಿಂಗ್ ದೇವರ ಬೆನ್ನು ಹತ್ತಿತ್ತು.

ಅಂದು ಸಂಜೆ ಭುವನೇಶ್ವರಿ ಅಂಗಳದ ಬಾದಾಮಿ ಮರಕ್ಕೆ ಕ್ಯಾಮೆರಾ ಕಟ್ಟಿಸಿದಳು. ಎಲ್ಲರಿಗಿಂತ ಖುಷಿಪಟ್ಟವನು ಶರಣು.

"ಹಾಕ್ರಿ ಅಕ್ಕಾರ. ಖರೇ ಏನದ ಹೊರಗ ಬರ್ಲಿ."

ಶನಿವಾರ ಹದಿನೇಳು ಹೂ ಮಾಯ. ಹತ್ತು ಗಂಟೆಗೆ ಸೊಸೈಟಿ ಆಫೀಸಿನ ಟಿವಿ ಮುಂದೆ ಇಡೀ ಬಿಲ್ಡಿಂಗ್ ನೆರೆದಿತ್ತು. ಮರ್ಯಾದೆಯ ಪ್ರಶ್ನೆಯೆಂದು ಜ್ಯೋತ್ಸ್ನಾಳೂ ಬಂದು ಕೈಕಟ್ಟಿ ನಿಂತಿದ್ದಳು.

ಟಿವಿಯಲ್ಲಿ ಬೆಳಗಿನ ಐದೂ ಇಪ್ಪತ್ತು. ಮೂರನೆಯ ಮಹಡಿಯ ರುಕ್ಮಿಣಿಬಾಯಿ ಮೆಲ್ಲಗೆ ಬಂದರು. ಒಂದು ಹೂ ಕಿತ್ತು, ಕಣ್ಣಿಗೊತ್ತಿಕೊಂಡು ಹೋದರು.

"ಅಯ್ಯ, ಅದು ಕಳವು ಹ್ಯಾಂಗ ಆಗ್ತದ? ತ್ವಾಟ ಗೆಲ್ಲಲಿ ಅಂತ ದೇವರಿಗೆ ಒಂದೇ ಒಂದು!"

ಐದೂವರೆ. ಪಕ್ಕದ ಮನೆಯ ಪ್ರೀತಮ್. "ನಂದೂ ಒಂದೇ. ಗಣಪತಿಗೆ."

ಆಮೇಲೆ ಒಬ್ಬೊಬ್ಬರಾಗಿ ಬಂದರು. ಯಾರೂ ಒಂದಕ್ಕಿಂತ ಹೆಚ್ಚು ಕೀಳಲಿಲ್ಲ. ಎಲ್ಲರದೂ ದೇವರಿಗೆ, ಎಲ್ಲರ ಬೇಡಿಕೆಯೂ ತೋಟದ ಗೆಲುವು. ಜ್ಯೋತ್ಸ್ನಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ನಾಳೆಯೂ ಪೂಜೆ ಮಾಡಿ ಮಾರಾಯ್ರೆ. ಪ್ರೈಜ್ ನಂಗೇ!"

ಹದಿನಾರನೆಯವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಇಂಜಿನ್ನಿನ ಮೇಲಿದ್ದ ಅತಿ ದೊಡ್ಡ ಹೂವಿಗೇ ಕೈಹಾಕಿದಳು. ಎಲ್ಲರೂ ಭುವನೇಶ್ವರಿಯತ್ತ ತಿರುಗಿದರು.

"ನಾನೇ ನೆಟ್ಟ ಗಿಡ ಅಲ್ಲೇನು..." ಎನ್ನುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳೂ ನಕ್ಕುಬಿಟ್ಟಳು. ನಗು ನಿಂತ ಮೇಲೆ ಗಂಭೀರಳಾದಳು. "ನಿಮ್ಮ ನಿಮ್ಮ ಮನಿ ಕಿಟಕಿ ಗ್ರಿಲ್ಲಿನಾಗಿರೋ ಹೂವಿನ ಕುಂಡ ಎಲ್ಲಾ ಸಂಜಿಯೊಳಗ ಕೆಳಗ ಬರಬೇಕು. ಗಾಡಿ ತುಂಬಬೇಕು."

ಆಮೇಲೆ ಶರಣುವಿನ ಕಡೆ ನೋಡಿ ದನಿ ತಗ್ಗಿಸಿದಳು. "ನೀ ಎಲ್ಲಿಗೂ ಹೋಗಬ್ಯಾಡಪ್ಪಾ. ಇಡೀ ಬಿಲ್ಡಿಂಗಿನಾಗ ಹೂವಿಗೆ ಕೈ ಹಚ್ಚಲಾರದಾಂವ ನೀ ಒಬ್ಬನೇ."

ಶರಣುವಿಗೆ ಜೀವ ಬಂದಂತಾಯಿತು. ಚಪ್ಪಾಳೆಯೂ ಬಿತ್ತು.

"ಹದಿನಾರು ಆತು," ರುಕ್ಮಿಣಿಬಾಯಿ ಬೆರಳು ಮಡಿಸಿದರು. "ಇನ್ನೊಂದು?"

ಟಿವಿ ಓಡುತ್ತಲೇ ಇತ್ತು. ಆರೂ ಹತ್ತು. ಖಾಕಿ ಅಂಗಿಯವನೊಬ್ಬ ಬಂದು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಬಾಗಿಲಲ್ಲಿ ಜೋತಾಡುತ್ತಿದ್ದ ಹೂವೊಂದನ್ನು ಕಿತ್ತು ಕಣ್ಣಿಗೊತ್ತಿಕೊಂಡ.

"ಅದು... ಅದು," ಶರಣು ಗಲ್ಲ ಗಲ್ಲ ಬಡಿದುಕೊಂಡ, "ಕಳ್ಳ ಸಿಗಲಿ ಅಂತ ದೇವರಿಗೆ ಏರಿಸಿದ್ದು ರೀ!"