ತಣ್ಣಗಾಗದ ಲ್ಯಾಪ್‌ಟಾಪು

"ಮತ್ತ ಬಂದ್ ಬಿತ್ತು, ತಮ್ಮಾ."

ಯಲ್ಲವ್ವ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿ ಕೂಸಿನ ಹಾಗೆ ಅವಚಿಕೊಂಡು ನಿಂತಿದ್ದಳು. ಜುನೇದ ಮುಟ್ಟಿ ನೋಡಿದ. ಅಬ್ಬಾ, ಇನ್ನೂ ಸುಡುತ್ತಿತ್ತು! ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ.

ಕೊರ್ತಾಲಿಮ್‌ನಲ್ಲಿ ಹತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಜುನೇದನಿಗೆ ಇಂಥ ಮೊಂಡು ಯಂತ್ರ ಗಂಟುಬಿದ್ದಿರಲಿಲ್ಲ. ಪ್ರೊಸೆಸರಿನ ಬಿಸಿ ಹೀರಿ ಹೊರಗೆ ದಾಟಿಸಲೆಂದು ಮೊದಲು ಬೂದು ಪೇಸ್ಟು ಬಳಿದ. ಆಮೇಲೆ ಬೆಳ್ಳಿಪುಡಿಯ ಪೇಸ್ಟು. ಆಮೇಲೆ ಗ್ರಾಫೈಟಿನ ಹಾಳೆ. ಅಂಗಡಿಯಲ್ಲಿ ದಿನವಿಡೀ ಓಡಿಸಿದರೂ ತಣ್ಣಗಿರುತ್ತಿತ್ತು. ಅವಳ ಶೆಡ್ಡಿಗೆ ಹೋದರೆ ಮತ್ತೆ ಕೆಂಡ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ಅವನ ಕೆಲಸ.

ಬೇರೆಯವರದಾಗಿದ್ದರೆ ಗುಜರಿಗೆ ಹಾಕಿ ಎನ್ನುತ್ತಿದ್ದ. ಆದರೆ ಇದರಲ್ಲಿ ಗುರುಲಿಂಗನ ದನಿಯಿತ್ತು. ಯಲ್ಲವ್ವನ ಒಬ್ಬನೇ ಮಗ. ಹೋದ ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡ. ಅವಳು ಆಗ ದೂರದ ಉಸಗಾಂವದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಳು.

"ನನಗಂತ ಇದರಾಗ ಮಾತಾಡಿಟ್ಟು ಹೋಗ್ಯಾನ" ಎಂದಿದ್ದಳು.

ಅಗ್ಗದ ಲ್ಯಾಪ್‌ಟಾಪು, ಮೆಮೊರಿ ಬೋರ್ಡಿಗೇ ಬೆಸೆದಿತ್ತು. ಬೋರ್ಡು ಸುಟ್ಟರೆ ಅವನು ಮಾತಾಡಿಟ್ಟ ವಿಡಿಯೊನೂ ಹೋಯಿತು. ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆಂದರೆ ಯಲ್ಲವ್ವ ಒಪ್ಪಿರಲಿಲ್ಲ.

"ಅದನ್ನ ತಗೀಬ್ಯಾಡ. ಅವನ ಮಾತು ನಾ ಒಬ್ಬಾಕೀನ ಕೇಳಬೇಕು. ಆಣಿ ಮಾಡು."

ಜುನೇದ ಆಣೆ ಮಾಡಿದ್ದ. ಏನು ಮಾಡ್ತೀರಿ, ತಾಯಿಯ ಕಣ್ಣೀರಿನ ಮುಂದೆ ಯಾರ ಬುದ್ಧಿ ನಡೆಯುತ್ತದೆ!

ಈಗ ಹಿಂದಿನ ಮುಚ್ಚಳ ಬಿಚ್ಚಿದ. ಬೋರ್ಡಿನ ಅಂಚು ಕಂದಿತ್ತು. ಇನ್ನೊಂದು ಸಲ ಹೀಗಾದರೆ ಮುಗಿಯಿತು. ಫ್ಯಾನಿನಲ್ಲಿ ಈ ಸಲವೂ ಕೆಂಪು, ಹಳದಿ ದಾರದ ಎಳೆಗಳು. ಬೈದುಕೊಳ್ಳುತ್ತಲೇ ಕಿತ್ತೆಸೆದ.

"ಅಕ್ಕಾ, ಮನ್ಯಾಗ ಯಾರರ ಇದರಾಗ ಗೇಮ್ ಆಡ್ತಾರೇನ್ರಿ? ಖರೇ ಹೇಳ್ರಿ."

"ಯಾರದಾರಪ್ಪಾ ಆಡಾಕ? ನಾ ಒಬ್ಬಾಕಿ."

ಉಳಿದದ್ದು ಒಂದೇ ದಾರಿ, ದ್ರವಲೋಹ. ಪಾದರಸದಂತೆ ಹೊಳೆಯುವ ಒಂದು ಹನಿಯನ್ನು ಉಸಿರು ಬಿಗಿಹಿಡಿದು ಪ್ರೊಸೆಸರಿನ ಮೇಲೆ ಸವರಿದ.

"ಇದಕ್ಕಿಂತ ಚಲೋ ಮುಲಾಮು ಜಗತ್ತಿನ್ಯಾಗ ಇಲ್ರಿ. ಇನ್ನ ಬಿಸಿ ಆಗೂದಿಲ್ಲ."

"ಭಾಳ ತಣ್ಣಗ ಆಗತೈತೇನು?"

"ಬರ್ಫ ಆದಂಗ!"

ಯಲ್ಲವ್ವನ ಮುಖ ಬಾಡಿತು. ತನ್ನ ಮೇಲಿನ ನಂಬಿಕೆಯೇ ಹೋಗಿದೆ ಎಂದುಕೊಂಡ ಜುನೇದ. ಅವನಿಗೇ ಅಳು ಬಂದಂತಾಯಿತು.

ಮರುದಿನ ಮಧ್ಯಾಹ್ನ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಬೋರ್ಡು ಏನಾಯಿತೋ! ಅಂಗಡಿಯ ಶಟರ್ ಎಳೆದು ಶೆಡ್ಡಿನತ್ತ ಓಡಿದ. ಮೇ ತಿಂಗಳ ಬಿಸಿಲು, ತಗಡಿನ ಮಾಡು. ಒಳಗೆ ಕಾಲಿಟ್ಟರೆ ಉಸಿರು ಕಟ್ಟುತ್ತಿತ್ತು. ಯಲ್ಲವ್ವ ಬೆವರಿನಲ್ಲಿ ತೊಯ್ದು ಚಾಪೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಕೆಂಪು, ಹಳದಿ ದಾರ ಹಾಕಿ ಹೊಲಿದ ದಪ್ಪ ಕೌದಿ. ಅದರ ಮಡಿಕೆಯೊಳಗೆ ಬಿಗಿಯಾಗಿ ಸುತ್ತಿದ್ದ ಲ್ಯಾಪ್‌ಟಾಪು. ಪರದೆಯಷ್ಟೇ ಹೊರಗೆ ಕಾಣುತ್ತಿತ್ತು.

"ನಿಮಗೇನ್ ತಲಿ ಕೆಟ್ಟೈತೇನ್ರಿ?" ಎಂದು ಕೂಗಲು ಬಾಯಿ ತೆರೆದ ಜುನೇದ. ಅಷ್ಟರಲ್ಲಿ ಪರದೆಯ ಮೇಲಿನ ಹುಡುಗ ಗಡಗಡ ನಡುಗುತ್ತ ಮಾತಾಡಿದ:

"ಯವ್ವಾ, ಭಾಳ ಥಂಡಿ ಹತ್ತಾಕತ್ತೈತಿ... ಲಗೂ ಬಾ, ಕೌದಿ ಹೊಚ್ಚು ಬಾ."